ದಿಬ್ಬಣದ ವ್ಯಾನು ನಿಂತ ದಿನ

ನನ್ನ ಮದುವೆಯ ದಿನ ತವರು ಬಿಡುವಾಗ ನನಗೆ ಅಳು ಬರಲಿಲ್ಲ. ಈಶ್ವರಮಂಗಲದ ನಮ್ಮ ಅಂಗಳದಲ್ಲಿ ಅಮ್ಮ, ಅಜ್ಜಿ, ನೆರೆಕರೆಯ ಹೆಂಗಸರು ಎಲ್ಲ ಸೇರಿ ಗೋಳೋ ಎಂದು ಅತ್ತರು. ನಾನು ಸೀರೆಯ ನಿರಿಗೆ ಎತ್ತಿ ಹಿಡಿದು ದಿಬ್ಬಣದ ವ್ಯಾನು ಹತ್ತಿ ಕೂತೆ. "ಎಂತ ಕಲ್ಲು ಮನಸ್ಸು ಮಾರಾಯ್ತಿ ಈ ಹುಡುಗಿದು!" ಎಂದು ಯಾರೋ ಹೇಳಿದರು. ಕಲ್ಲೂ ಇಲ್ಲ, ಮಣ್ಣೂ ಇಲ್ಲ. ಜನ್ಮದಲ್ಲಿ ಮೊದಲ ಸಲ ಪುತ್ತೂರಿನಿಂದ ಆಚೆಗೆ ಹೋಗುವ ಖುಷಿ ನನಗೆ. ಅಳು ಬಂದದ್ದು ಪುತ್ತೂರು ದಾಟಿದ ಮೇಲೆ, ಕಾಡಿನ ನಡುವಿನ ಏರಿನಲ್ಲಿ ವ್ಯಾನು ನಿಂತುಹೋದಾಗ.

ಐವತ್ತರ ದಶಕ ಮುಗಿಯುತ್ತಾ ಬಂದ ಕಾಲ. ಗಂಡನ ಮನೆ ಪೆರಾಬೆಯಲ್ಲಿ. ಇವತ್ತು ಕಾರಿನಲ್ಲಿ ಒಂದು ನಿದ್ದೆ ತೆಗೆಯುವುದರೊಳಗೆ ಮುಟ್ಟುವ ದಾರಿ. ಆಗ ಪುತ್ತೂರು, ಉಪ್ಪಿನಂಗಡಿ ಎಂದು ಸುತ್ತಿ, ಕೆಂಪು ಧೂಳು ಕುಡಿಯುತ್ತಾ ಇಡೀ ಮಧ್ಯಾಹ್ನ ಹೋಗಬೇಕಿತ್ತು. ವ್ಯಾನು ಕಬಕದ ಒಬ್ಬ ಬ್ಯಾರಿ ಸಾಹೇಬರದು, ಅವರೇ ಡ್ರೈವರು. ಯುದ್ಧದ ಕಾಲದ ಗಾಡಿ. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದರೆ ಮಾತ್ರ ಎದ್ದೇಳುತ್ತಿತ್ತು, ಅದೂ ಅದಕ್ಕೆ ಮನಸ್ಸಿದ್ದರೆ.

ಮದುವೆ ಅವಸರದ್ದು. ಮಾವನಿಗೆ ಮೈಯೆಲ್ಲ ಬಾವು ಬಂದು, ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ. ಡಾಕ್ಟರು ಕೈಚೆಲ್ಲಿಯಾಗಿತ್ತು. ಕಿರಿ ಸೊಸೆಯ ಮುಖ ನೋಡಿಯೇ ಹೋಗುವುದು ಎಂದು ಅವರು ಹಟ ಹಿಡಿದಿದ್ದರು. ಅವರು ತೀರಿಕೊಂಡರೆ ಆ ಮನೆಯಲ್ಲಿ ಒಂದು ವರ್ಷ ಮದುವೆಯ ಮಾತೆತ್ತುವ ಹಾಗಿಲ್ಲ. ಆದ್ದರಿಂದ ಹತ್ತಿರದ ಮುಹೂರ್ತ ಹುಡುಕಿ ನಮ್ಮಲ್ಲಿ ಧಾರೆ ಎರೆದು, ಅದೇ ಸಂಜೆ ದೀಪ ಹಚ್ಚುವುದರೊಳಗೆ ನನ್ನನ್ನು ಮನೆ ತುಂಬಿಸಿಕೊಳ್ಳುವುದೆಂದು ಮಾತಾಗಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಮಾವ ಸಂಜೆಯವರೆಗೆ ಉಳಿಯದಿದ್ದರೆ ನನಗೇನಾಗುತ್ತದೆ ಎಂಬುದು ಹೊಳೆದಿರಲಿಲ್ಲ. ಅದನ್ನು ತಿಳಿಸಿಕೊಟ್ಟದ್ದು ದೊಡ್ಡತ್ತೆ.

ದೊಡ್ಡತ್ತೆ ಎಂದರೆ ಮಾವನ ಅಕ್ಕ. ಅತ್ತೆಯಿಲ್ಲದ ಆ ಮನೆಯಲ್ಲಿ ಹಿರಿತನವೆಲ್ಲ ಅವರದು. ಏರಿನಲ್ಲಿ ವ್ಯಾನು ಬುಸ್ಸೆಂದು ಹಬೆಯುಗುಳಿ ನಿಂತಾಗ ಮೊದಲು ಬಾಯಿ ತೆರೆದವರು ಅವರೇ.

"ಎಂತ ಸಾಹೇಬ್ರೆ, ಹೊರಡುವ ಹಾಗೆ ಉಂಟಾ, ಇಲ್ವಾ?"

ಡ್ರೈವರು ಮುಚ್ಚಳ ಎತ್ತಿ ಒಳಗೆ ನೋಡಿ, "ಬೆಲ್ಟು ತುಂಡಾಗಿದೆ ಅಮ್ಮಾ. ಬೇರೆ ಬೆಲ್ಟು ಇಲ್ಲ. ನೀರು ಕುದಿಯುತ್ತಾ ಉಂಟು," ಎಂದರು. ಇಂಜಿನ್ನಿಗೆ ಗಾಳಿ ಬೀಸುವ ಫ್ಯಾನನ್ನು ತಿರುಗಿಸುವ ಪಟ್ಟಿ ಅದಂತೆ. ಅದಿಲ್ಲದೆ ಓಡಿಸಿದರೆ ಇಂಜಿನ್ನೇ ಸುಟ್ಟುಹೋಗುತ್ತದಂತೆ.

ಎಲ್ಲರೂ ಇಳಿದೆವು. ಬಿಸಿಲು ಚುರುಗುಟ್ಟುತ್ತಿತ್ತು, ಆದರೆ ಘಟ್ಟದ ಕಡೆ ಆಕಾಶ ಕಪ್ಪಗಾಗಿತ್ತು. ಎಲೆ ಅಲುಗುತ್ತಿರಲಿಲ್ಲ. ನನ್ನ ಜೊತೆಗೆಂದು ಬಂದಿದ್ದ ಚಿಕ್ಕಮ್ಮ ಈಶ್ವರಮಂಗಲದಿಂದಲೇ ವಾಂತಿ ಶುರು ಮಾಡಿದ್ದವಳು, ಒಂದು ಮರದ ಬುಡದಲ್ಲಿ ಒರಗಿ ಕಣ್ಣು ಮುಚ್ಚಿದಳು. ನನಗೆ ಧೈರ್ಯ ಹೇಳಲೆಂದು ಕಳಿಸಿದ ಜನ ಅದು!

ದೊಡ್ಡತ್ತೆ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತು ಎಲೆಯಡಿಕೆಯ ಚೀಲ ಬಿಚ್ಚಿದರು. "ಅಲ್ಲಿ ನನ್ನ ತಮ್ಮ ಜೀವ ಹಿಡ್ಕೊಂಡು ಕಾಯ್ತಾ ಇದ್ದಾನೆ. ಇಲ್ಲಿ ಗಾಡಿ ನಿಂತಿತು. ಹೊರಡುವಾಗಲೇ ಹೀಗೆ ಆದ್ರೆ ಕಾಲ್ಗುಣ ಎಂತದ್ದು ಅಂತ ಯಾರು ಹೇಳ್ಬೇಕು?"

ಆಮೇಲೆ ಅವರು ಹಿರಿಯ ಸೊಸೆಯ ಕಥೆ ತೆಗೆದರು. ಹೇಳಿದ್ದು ಚಿಕ್ಕಮ್ಮನಿಗೆ, ಕೇಳಿಸಬೇಕಾದದ್ದು ನನಗೆ. ಹಿರಿಯವಳು ಮನೆ ತುಂಬಿದ ಹದಿನೈದೇ ದಿನದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ತೀರಿಕೊಂಡರಂತೆ. ಅದೇ ವರ್ಷ ಹಾಲು ಕೊಡುವ ಎಮ್ಮೆಯೂ ಸತ್ತಿತಂತೆ. ಅಂದಿನಿಂದ ಅವಳು ಮನೆಯ ಯಾವ ಒಳ್ಳೆಯ ಕೆಲಸಕ್ಕೂ ಮುಂದೆ ಬರುವುದಿಲ್ಲ. "ನಾವು ಬರ್ಬೇಡ ಅಂತ ಹೇಳ್ಲಿಲ್ಲ. ಅವಳೇ ಬರುದಿಲ್ಲ, ಪಾಪ," ಎಂದರು. ದಿಬ್ಬಣಕ್ಕೂ ಅವಳನ್ನು ಕರೆತಂದಿರಲಿಲ್ಲ. ರೋಗಿಯನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ ಎಂದು ಮನೆಯಲ್ಲೇ ಬಿಟ್ಟು ಬಂದಿದ್ದರು.

ಆಗ ನನ್ನ ಕಣ್ಣಲ್ಲಿ ನೀರು ಬಂತು. ನಾನಿನ್ನೂ ನೋಡದ ಒಬ್ಬಳು ಹೆಂಗಸು, ಅವಳ ಇಡೀ ಬಾಳು, ಒಂದು ಒದ್ದೆ ಬಚ್ಚಲು. ನನ್ನದು ಒಂದು ತುಂಡಾದ ಬೆಲ್ಟು. ಭಯಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. ಮದುಮಗಳು ಸಿಟ್ಟು ತೋರಿಸುವ ಹಾಗಿಲ್ಲವಲ್ಲ, ಅದಕ್ಕೆ ಅತ್ತುಬಿಟ್ಟೆ.

ಡ್ರೈವರು ಸುಮ್ಮನೆ ಕೂರಲಿಲ್ಲ. ಮೊದಲು ತೆಂಗಿನ ನಾರಿನ ಹಗ್ಗ ಕಟ್ಟಿ ನೋಡಿದರು. ಹ್ಯಾಂಡಲ್ ತಿರುಗಿಸಿ ಇಂಜಿನ್ ಎಬ್ಬಿಸಿದ್ದೇ ತಡ, ಹಗ್ಗ ಉಜ್ಜಿ ಹೊಗೆಯೆದ್ದು ಸುಟ್ಟ ವಾಸನೆ ಬಂತು. ದೊಡ್ಡತ್ತೆ ಮೂಗು ಮುಚ್ಚಿಕೊಂಡು, "ಈ ವಾಸನೆ ಎಲ್ಲಿಯದ್ದು ಅಂತ ಬಾಯಿ ಬಿಟ್ಟು ಹೇಳ್ಲಿಕ್ಕಿಲ್ಲ," ಎಂದರು. ಸುಡುಗಾಡಿನದೆಂದು ಎಲ್ಲರಿಗೂ ಹೊಳೆಯಿತು.

"ಗಟ್ಟಿ ಬಟ್ಟೆ ಬೇಕು," ಎಂದರು ಡ್ರೈವರು. "ಉದ್ದ ಇರ್ಬೇಕು. ಹುರಿ ಮಾಡಿ ಕಟ್ಟಿದ್ರೆ ಸ್ವಲ್ಪ ದೂರ ಹೋಗ್ಬಹುದು."

ಹೆಂಗಸರೆಲ್ಲ ತಂತಮ್ಮ ಸೆರಗು ಎಳೆದುಕೊಂಡರು. ಆಗ ನನ್ನ ಗಂಡ, ಬೆಳಗ್ಗಿನಿಂದ ನನ್ನ ಬಳಿ ಒಂದು ಅಕ್ಷರ ಆಡದ ಆ ಮನುಷ್ಯ, ತಲೆಯ ಮೇಲಿನ ಮುಂಡಾಸು ತೆಗೆದು ಬಿಚ್ಚತೊಡಗಿದರು. ಗಜಗಟ್ಟಲೆ ಬಟ್ಟೆ, ಜರಿಯ ಅಂಚು.

"ಏ, ಬುದ್ಧಿ ಉಂಟಾ ನಿಂಗೆ? ಮನೆ ಹೊಗುವ ಮೊದ್ಲು ಮದುಮಗ ಮುಂಡಾಸು ಹರಿಯುದಾ?" ದೊಡ್ಡತ್ತೆ ಎದ್ದೇ ನಿಂತರು.

"ಅಪ್ಪ ಕಾಯ್ತಾ ಇದ್ದಾರೆ ಅತ್ತೆ," ಎಂದು ಇವರು ಹಲ್ಲಿನಿಂದ ಕಚ್ಚಿ ಚರ್‍ರೆಂದು ಹರಿದರು. ನನ್ನ ಗಂಡನ ಬಗ್ಗೆ ನನಗೆ ಮೊದಲು ತಿಳಿದದ್ದು ಅಷ್ಟು. ಆಮೇಲೆ ತಿಳಿದದ್ದರಲ್ಲಿ ಎಲ್ಲವೂ ಅಷ್ಟು ಚೆನ್ನಾಗಿರಲಿಲ್ಲ ಬಿಡಿ.

ಮುಂಡಾಸು ನಮ್ಮನ್ನು ಉಪ್ಪಿನಂಗಡಿ ದಾಟಿಸಿತು. ಅಲ್ಲಲ್ಲಿ ನಿಂತು, ಸಿಕ್ಕ ತೋಡಿನಿಂದ ನೀರು ತಂದು ಹೊಯ್ದು, ಮತ್ತೆ ಕಟ್ಟಿ, ಮತ್ತೆ ಹೊರಟು. ಪ್ರತಿ ಸಲ ನಿಂತಾಗಲೂ ದೊಡ್ಡತ್ತೆ ಹೊತ್ತು ನೋಡುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ. ಒಂದು ಕಡೆ ಎದುರಿನಿಂದ ಸೈಕಲ್ಲಿನಲ್ಲಿ ಒಬ್ಬರು ಬಂದರು, ಪೆರಾಬೆಯ ಕಡೆಯವರೇ. ನನ್ನ ಗಂಡ ತಡೆದು ಕೇಳಿದರು, "ಮನೆಯಲ್ಲಿ ಹೇಗುಂಟು? ಅಪ್ಪ?"

ಆ ಮನುಷ್ಯ ನೆಲಕ್ಕೆ ಕಾಲೂರಿ ಮೊದಲು ನನ್ನನ್ನು ನೋಡಿದರು. "ಬೆಳಿಗ್ಗೆ ಮಾತಾಡ್ತಾ ಇದ್ರು," ಎಂದರು. ಮಧ್ಯಾಹ್ನದ ಸುದ್ದಿ ಹೇಳಲಿಲ್ಲ. "ಬೇಗ ಹೋಗಿ ಮಾರಾಯ್ರೆ," ಎಂದು ಪೆಡಲು ತುಳಿದರು.

ಕೊನೆಗೆ ಮುಂಡಾಸು ಮಸಿಬಟ್ಟೆಯಂತೆ ಚಿಂದಿಯಾಗಿ ಉದುರಿತು. ಮನೆಗೆ ಇನ್ನು ಎರಡು ಮೈಲಿ. ಹೊತ್ತು ಮುಳುಗುತ್ತಾ ಬಂದಿತ್ತು, ಗುಡುಗು ಹತ್ತಿರವಾಗಿತ್ತು. ಇಂಜಿನ್ನಿನ ಸದ್ದು ಸತ್ತ ಮೇಲೆ ಕಾಡಿನ ಒಳಗಿನಿಂದ ಬೇರೊಂದು ಸದ್ದು ಕೇಳಿಸಿತು. ಕೊಡಲಿಯದು. ಬಿಟ್ಟು ಬಿಟ್ಟು, ನಿಧಾನವಾಗಿ. ನಮ್ಮ ಕಡೆ ಸಾವಾದರೆ ಮೊದಲು ಚಿತೆಗೆಂದು ಮಾವಿನ ಮರಕ್ಕೆ ಕೊಡಲಿ ಬೀಳುತ್ತದೆ. ಅಲ್ಲಿ ನಿಂತಿದ್ದ ಎಲ್ಲರಿಗೂ ಅದು ಗೊತ್ತಿತ್ತು. "ಈ ಹೊತ್ತಿಗೆ ಯಾರದು ಮರ ಕಡಿಯುದು?" ಎಂದು ದೊಡ್ಡತ್ತೆ ಕೇಳಿದರು. ಆ ದನಿಯಲ್ಲಿ ಕೊಂಕು ಇರಲಿಲ್ಲ. ತಮ್ಮನನ್ನು ಕಳೆದುಕೊಳ್ಳುವ ಮುದುಕಿಯ ಹೆದರಿಕೆ ಮಾತ್ರ ಇತ್ತು. ಆ ಒಂದು ಕ್ಷಣ ನನಗೆ ಅವರ ಮೇಲೆ ಕರುಣೆ ಬಂತು.

ನನ್ನ ಗಂಡ ನನ್ನ ಕಡೆ ತಿರುಗಿ, "ನಡಿತೀಯಾ?" ಎಂದರು. ನನಗೆಂದು ಆಡಿದ ಮೊದಲ ಮಾತು ಅದು. ನಡೆದೆ. ಮದುಮಗಳು ರಸ್ತೆಯಲ್ಲಿ ನಡೆದು ಮನೆ ಸೇರುವುದು ಎಲ್ಲಾದರೂ ಉಂಟಾ ಎಂದು ಹಿಂದಿನಿಂದ ಯಾರೋ ಗೊಣಗಿದರು. ಮೊಣಕಾಲು ನೋವಿನ ದೊಡ್ಡತ್ತೆ, ಚಿಕ್ಕಮ್ಮ, ಇವರ ಅಣ್ಣ, ಉಳಿದವರೆಲ್ಲ ನಿಧಾನಕ್ಕೆ ಹಿಂದೆ ಉಳಿದರು. ನಾವಿಬ್ಬರು ಓಡುವ ಹಾಗೆ ಮುಂದೆ ಹೋದೆವು. ದಾರಿಯುದ್ದಕ್ಕೂ ನಾನು ಕಾಣದ ಮಾವನನ್ನು ಬೇಡಿಕೊಳ್ಳುತ್ತಿದ್ದೆ. ಸಾಯಬೇಡಿ, ಸ್ವಲ್ಪ ಹೊತ್ತು ಸಾಯಬೇಡಿ, ನಾನು ಒಳಗೆ ಕಾಲಿಟ್ಟ ಮೇಲೆ ಬೇಕಾದ್ದು ಮಾಡಿ. ಎಂಥ ಪ್ರಾರ್ಥನೆ ನೋಡಿ.

ಅಂಗಳದಲ್ಲಿ ದೀಪ ಹಚ್ಚಿ ಆಗಿತ್ತು. ಜನ ಇದ್ದರು, ಆದರೆ ಅಳುವ ಸದ್ದಿರಲಿಲ್ಲ; ಆ ಕೊಡಲಿ ಬೇರೆ ಯಾರದೋ. ನನ್ನ ಎದೆಯಿಂದ ಒಂದು ಕಲ್ಲು ಇಳಿಯಿತು. ನೆರೆಮನೆಯ ಹೆಂಗಸರು ಕಾಲಿಗೆ ನೀರು ಹೊಯ್ದು ಆರತಿ ಎತ್ತಿದರು. ಬಲಗಾಲಿಟ್ಟು ಒಳಗೆ ಹೋದೆ. ಚಾವಡಿಯ ಪಕ್ಕದ ಕೋಣೆಯ ಬಾಗಿಲಲ್ಲಿ ತೆಳ್ಳಗಿನ ಹೆಂಗಸೊಬ್ಬಳು ನಿಂತಿದ್ದಳು, ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಯಾರೂ ಹೇಳಬೇಕಾಗಿರಲಿಲ್ಲ, ಓರಗಿತ್ತಿ ಎಂದು ಗೊತ್ತಾಯಿತು.

"ಅಪ್ಪ?" ಎಂದು ಇವರು ಅತ್ತ ನುಗ್ಗಿದರು.

ಅವಳು ಕೈ ಅಡ್ಡ ಹಿಡಿದಳು. "ಮೊದಲು ಸೊಸೆ ಬರ್ಲಿ ಅಂತ ಮಾವ ಹೇಳಿದ್ದಾರೆ. ಎಲ್ಲ ಒಟ್ಟಿಗೆ ನುಗ್ಗಿದ್ರೆ ಉಸಿರು ಕಟ್ತದೆ. ನೀವು ಕೈಕಾಲು ತೊಳೆದು ಬನ್ನಿ." ನನ್ನ ಮಣಿಕಟ್ಟು ಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಒರಗಿಸಿದಳು.

ಮೂಲೆಯಲ್ಲಿ ಒಂದು ಚಿಮಿಣಿ ದೀಪ. ಹಾಸಿಗೆಯ ತಲೆಯ ಭಾಗ ಕತ್ತಲೆಯಲ್ಲಿತ್ತು. ದಿಂಬುಗಳಿಗೆ ಒರಗಿಸಿ ಕೂರಿಸಿದ್ದ ಆಕೃತಿ, ಗಲ್ಲದವರೆಗೂ ಹೊದಿಕೆ. "ಮಾವ, ನೋಡಿ, ಬಂದಿದ್ದಾಳೆ," ಎಂದಳು ಅವಳು ಗಟ್ಟಿಯಾಗಿ, ಹೊರಗಿನವರಿಗೆ ಕೇಳುವ ಹಾಗೆ. ಸ್ವಲ್ಪ ತಡೆದು, "ಹ್ಞಾಂ, ನೋಡಿದ್ರು. ಕಾಲು ಮುಟ್ಟು," ಎಂದಳು.

ಬಗ್ಗಿ ಮುಟ್ಟಿದೆ. ಬಾವು ಬಂದ ಪಾದಗಳು. ಸೆಕೆಗೆ ನನ್ನ ಮೈಯೆಲ್ಲ ಬೆಂಕಿಯಾಗಿತ್ತು. ಅವು ಅಂಗಳದ ಕಲ್ಲಿನಷ್ಟು ತಣ್ಣಗಿದ್ದವು. ತಲೆಯೆತ್ತಿದೆ. ಕೂಗಬೇಕೆಂದು ಬಾಯಿ ತೆರೆದಿರಬೇಕು, ಏಕೆಂದರೆ ಅವಳ ಅಂಗೈ ನನ್ನ ಬಾಯಿಯ ಮೇಲಿತ್ತು. ಶುಂಠಿಯ ಕಷಾಯದ ವಾಸನೆ ಬರುವ ಕೈ.

"ಹೊರಗೆ ಹೋಗು. ಹಾಲು ಕೊಡ್ತಾರೆ, ಕುಡಿ. ಅಳ್ಬೇಡ," ಎಂದು ಪಿಸುಗುಟ್ಟಿದಳು.

ಹೋದೆ. ಕೂತೆ. ಹಾಲು, ಬಾಳೆಹಣ್ಣು ಕೊಟ್ಟರು. ಎರಡನ್ನೂ ನುಂಗಿದೆ. ಇವರು ಇನ್ನೂ ಬಾವಿಕಟ್ಟೆಯಿಂದ ಬಂದಿರಲಿಲ್ಲ. ಅಷ್ಟರಲ್ಲಿ ದೊಡ್ಡತ್ತೆ ಏದುಸಿರು ಬಿಡುತ್ತಾ ಅಂಗಳಕ್ಕೆ ಬಂದರು. "ಇದ್ದಾನಾ?" ಎಂದು ಕೇಳಿದರು. ಯಾರೋ, "ಇದ್ದಾರೆ, ಸೊಸೆಯನ್ನು ನೋಡಿದ್ರು," ಎಂದರು. ಅವರು ಕಾಲಿಗೆ ನೀರು ಹಾಕಿಕೊಳ್ಳುತ್ತಿರುವಾಗ ಕೋಣೆಯ ಒಳಗಿನಿಂದ ಓರಗಿತ್ತಿಯ ಕೂಗು ಕೇಳಿತು.

ಆಮೇಲೆ ನಡೆದದ್ದನ್ನು ವಿವರಿಸಬೇಕಾಗಿಲ್ಲ. ದೊಡ್ಡತ್ತೆ ನನ್ನನ್ನು ತಬ್ಬಿಕೊಂಡು ಅತ್ತರು. "ನಿನ್ನ ಮುಖ ನೋಡ್ಲಿಕ್ಕೇ ಜೀವ ಇಟ್ಕೊಂಡಿದ್ದ ಮಗಾ, ನಿನ್ನ ಕಾಲು ಒಳ್ಳೆದು," ಎಂದರು. ಆ ಮಾತು ಊರೆಲ್ಲ ಸುತ್ತಿತು, ಕಡಬದವರೆಗೂ ಹೋಯಿತು. ಮರುದಿನ ಹೆಣ ಎತ್ತಿದ ಮೇಲೆ ಅದೇ ಬಾಯಿ ಇನ್ನೊಂದು ಮಾತನ್ನೂ ಆಡಿತು: "ಆ ಹಿರಿಯವಳ ಕೈಯಲ್ಲಿ ಬಿಟ್ಟು ಹೋಗ್ಬಾರ್ದಿತ್ತು. ಇಲ್ಲದಿದ್ರೆ ಇನ್ನೂ ನಾಲ್ಕು ದಿನ ಇರ್ತಿದ್ದ." ಓರಗಿತ್ತಿ ಅಲ್ಲೇ ಕೂತು ನೆಲ ಸಾರಿಸುತ್ತಿದ್ದಳು. ಸಾರಿಸುತ್ತಲೇ ಇದ್ದಳು.

ಬಾವಿಕಟ್ಟೆಯಲ್ಲಿ ನಾವಿಬ್ಬರೇ ಸಿಕ್ಕಾಗ ನಾನು ಕೇಳಿದೆ, "ಅಕ್ಕ, ಮಾವ ಹೋದದ್ದು ಯಾವಾಗ?"

ಅವಳು ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ. "ಮಧ್ಯಾಹ್ನ ಗಂಜಿತಿಳಿ ಕುಡಿಸುವಾಗ. ಆಮೇಲೆ ನೀವು ಬರುವವರೆಗೂ ನಾನೊಬ್ಬಳೇ ಅವರ ಹತ್ರ ಮಾತಾಡ್ತಾ ಕೂತೆ."

"ಹೆದರಿಕೆ ಆಗ್ಲಿಲ್ವಾ? ನಾಳೆ ಗೊತ್ತಾದ್ರೆ?"

"ಗೊತ್ತಾದ್ರೆ ಎಂತ? ನನಗೆ ಕೆಟ್ಟ ಹೆಸರು ಬಂದು ಆಗಿದೆ. ಒಂದೇ ಮನೆಯಲ್ಲಿ ಇಬ್ಬರಿಗೆ ಯಾಕೆ?" ಎಂದು ಹೇಳಿ, ಕೊಡಪಾನ ಸೊಂಟಕ್ಕೆ ಏರಿಸಿಕೊಂಡು ಅವಳು ಒಳಗೆ ಹೋದಳು.