ಒಂಟಿ ಕಾಲಲ್ಲಿ ಎಳೆದು ತಂದ ಜಿಂಕೆ

ಎಲ್ರಾಯ್ ಟ್ವೆಟ್‌ಗೆ ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಇರಾಕಿನ ಯುದ್ಧದಲ್ಲಿ ಹೋಯಿತು. ಅದಕ್ಕಾಗಿ ಅವನು ಯಾರ ಮುಂದೆಯೂ ಗೋಳು ತೋಡಿಕೊಂಡವನಲ್ಲ. ಸರ್ಕಾರ ಕೊಟ್ಟ ಕಾಲು ತೊಟ್ಟುಕೊಂಡು ಮರ ಕೊಯ್ಯುವ ಮಿಲ್ಲಿಗೆ ಹೋದ, ಅಕ್ಕನ ಮನೆಯ ಛಾವಣಿ ಹತ್ತಿ ಹಿಮ ಕೆರೆದ. ಗಾಯಗೊಂಡ ಸೈನಿಕರಿಗೆ ಬೇಟೆ ಮತ್ತು ಮೀನಿನ ಲೈಸೆನ್ಸು ಅರ್ಧ ದುಡ್ಡಿಗೆ ಸಿಗುತ್ತದೆಂದು ಊರಿಗೆಲ್ಲ ಗೊತ್ತು. ಆದರೂ ಪ್ರತಿ ವರ್ಷ ಪೂರ್ತಿ ದುಡ್ಡು ಎಣಿಸಿಯೇ ಕೊಂಡ. ಅಷ್ಟು ಸೊಕ್ಕು. ಸೊಕ್ಕು ಕೆಟ್ಟದ್ದೇನಲ್ಲ ಬಿಡಿ, ಅವನ ಹತ್ತಿರ ಉಳಿದಿದ್ದೇ ಅದೊಂದು.

ಈ ವರ್ಷ ಕಾಲಿನ ಮೋಟು ಹುಣ್ಣಾಗಿ ಕೀವು ಕಟ್ಟಿತು. ಅಂಗಳ ದಾಟುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು. ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗುವ ಬೆಳಿಗ್ಗೆ ಅವನು ಕೂರಬೇಕಾದದ್ದು ಜೌಗಿನ ಆಚೆಯ ಓಕ್ ಮರದ ಬುಡದಲ್ಲಿ. ಅಪ್ಪ ಕೂತ ಜಾಗ, ಸಾಯುವ ಮುಂಚೆ ಇವನಿಗೆ ಬಿಟ್ಟುಕೊಟ್ಟದ್ದು. ನಮ್ಮ ಕಡೆಯ ಬೇಟೆ ಬಿಡಾರಗಳಲ್ಲಿ ಕಟ್ಟಳೆ ಒಂದೇ: ಮೊದಲ ಬೆಳಿಗ್ಗೆ ಯಾರು ಕೂತರೋ ಜಾಗ ಅವರದು. ಒಂದು ವರ್ಷ ತಪ್ಪಿಸಿಕೊಂಡರೆ ಮುಗಿಯಿತು. ಆಮೇಲೆ ಅಪ್ಪನ ಹೆಸರು ಹೇಳಿ ಅತ್ತರೂ ಯಾರೂ ಎದ್ದು ಕೊಡುವುದಿಲ್ಲ.

ಆ ರಿಯಾಯಿತಿ ಲೈಸೆನ್ಸು ಇದ್ದವರಿಗೆ ಕಾಡುದಾರಿಯ ಗೇಟು ತೆರೆಯುತ್ತಾರೆ. ಓಕ್ ಮರದವರೆಗೂ ಟ್ರಕ್ಕಿನಲ್ಲೇ ಹೋಗಿ, ಸೀಟಿನಿಂದಲೇ ಗುಂಡು ಹಾರಿಸಬಹುದು. ಎಲ್ರಾಯ್ ಸೊಕ್ಕು ನುಂಗಿಕೊಂಡು ಬರ್ನಿಸ್‌ಳ ಅಂಗಡಿಗೆ ಹೋದ. ಎರೆಹುಳ, ತೋಟಾ, ಬಿಯರು, ಲೈಸೆನ್ಸು ಎಲ್ಲ ಒಂದೇ ಕಡೆ ಸಿಗುವ ಅಂಗಡಿ ಅದು. ಒಲೆಯ ಸುತ್ತ ಊರ ಗಂಡಸರು ಕಾಫಿ ಕುಡಿಯುತ್ತಿದ್ದರು. ಅಕ್ಕನ ಗಂಡ ಗಾರ್ಡಿಯೂ ಇದ್ದ, ಅರ್ಜಿಗೆ ರುಜು ಹಾಕಬೇಕಾದ ಕಾಡಿನ ವಾರ್ಡನ್ ಡೆಲ್ಬರ್ಟ್ ಕೂಡ ಇದ್ದ.

"ಅರ್ಧ ಕಾಲಿಗೆ ಅರ್ಧ ರೇಟು! ಸರಿಯಾಗೇ ಇದೆಯಲ್ಲೋ ಲೆಕ್ಕ" ಎಂದ ಒಬ್ಬ. ಎಲ್ಲರೂ ನಕ್ಕರು. ಎಲ್ರಾಯ್ ಕೂಡ ನಕ್ಕ.

ಡೆಲ್ಬರ್ಟ್ ಅರ್ಜಿ ಓದಿ ತಲೆ ಕೆರೆದುಕೊಂಡ. "ಕಾಲು ಹೋಗಿದ್ದು ಗೊತ್ತಪ್ಪ. ಆದ್ರೆ ಈ ಮನುಷ್ಯನಿಗೆ ಕಾಡಲ್ಲಿ ನಡೆಯೋಕಾಗಲ್ಲ ಅಂತ ನಾನು ರುಜು ಹಾಕ್ಬೇಕು."

"ಆಗಲ್ಲ ಡೆಲ್ಬರ್ಟ್."

"ಹಾಗಾದ್ರೆ ಅದೇನು?"

ಅವನು ತೋರಿಸಿದ್ದು ಗೋಡೆಯನ್ನು. ಅಲ್ಲಿ ಜಿಂಕೆ ಹೊಡೆದವರ ಫೋಟೋಗಳು. ನಡುವೆ ಎಲ್ರಾಯ್, ದೊಡ್ಡ ಕೊಂಬಿನ ಗಂಡು ಜಿಂಕೆಯೊಂದಿಗೆ. ಕೆಳಗೆ ಬರ್ನಿಸ್‌ಳ ಕೈಬರಹ: "ಒಂಟಿ ಕಾಲು, ಒಬ್ಬನೇ, ಜೌಗಿನಿಂದ ಎಳೆದು ತಂದ!"

ಎಳೆದಿದ್ದೂ ಇಲ್ಲ, ಹೊಡೆದಿದ್ದೂ ಇಲ್ಲ. ಹೊಡೆದವನು ಗಾರ್ಡಿ, ಹೋದ ವರ್ಷ ಬೇಟೆಯ ಕೊನೆಯ ದಿನ, ಎಲ್ರಾಯ್ ಬಿಡಾರದಲ್ಲಿ ಎಲ್ಲರಿಗೂ ಅಡುಗೆ ಮಾಡುತ್ತಿದ್ದಾಗ. ಒಂದೇ ಬಿಡಾರದವರು ಒಬ್ಬರ ಲೈಸೆನ್ಸಿನ ಮೇಲೆ ಇನ್ನೊಬ್ಬರು ಹೊಡೆಯಲು ಇಲ್ಲಿ ಕಾನೂನೇ ಒಪ್ಪುತ್ತದೆ. ಹಾಗೆ ಎಲ್ರಾಯ್‌ನ ಟ್ಯಾಗು, ಅಂದರೆ ಹೊಡೆದ ಪ್ರಾಣಿಗೆ ಕಟ್ಟುವ ಲೈಸೆನ್ಸಿನ ಚೀಟಿ, ಆ ಜಿಂಕೆಗೆ ಬಿತ್ತು, ಅಷ್ಟೇ. ಆ ಸಂಜೆ ಹೆಂಡದಂಗಡಿಯಲ್ಲಿ ಯಾರೋ ಇವನನ್ನು "ಏನೋ ಅಡುಗೆಭಟ್ಟ" ಎಂದು ಕೆಣಕಿದರು. ಇವನಿಗೆ ತಲೆಗೇರಿತ್ತು. ನಾನೇ ಎಳ್ಕೊಂಡು ಬಂದೆ ಎಂದುಬಿಟ್ಟ. ಗಾರ್ಡಿ ಕಣ್ಣು ಮಿಟುಕಿಸಿ ಹೂಂಗುಟ್ಟಿದ. ಅವತ್ತು ಅದು ಭಾವನ ದೊಡ್ಡತನ ಎಂದೇ ಎಲ್ರಾಯ್ ಎಣಿಸಿದ್ದ, ಪಾಪ.

ಈಗ ಅಷ್ಟೂ ಜನರ ಎದುರು ಬಾಯಿ ಬಿಟ್ಟ. "ಅದು ಸುಳ್ಳು ಡೆಲ್ಬರ್ಟ್. ಅವತ್ತು ನಾನು ಬಿಡಾರ ಬಿಟ್ಟು ಹೊರಗೇ ಹೋಗಿರ್ಲಿಲ್ಲ. ಭಾವ ಹೊಡೆದಿದ್ದು. ಕೇಳು ಬೇಕಾದ್ರೆ."

ಎಲ್ಲರೂ ಗಾರ್ಡಿಯ ಕಡೆ ತಿರುಗಿದರು. ಗಾರ್ಡಿ ನಿಧಾನವಾಗಿ ಕಾಫಿ ಕೆಳಗಿಟ್ಟ. ಆ ಓಕ್ ಮರದ ಮೇಲೆ ಅವನಿಗೆ ಮದುವೆಯಾದಾಗಿನಿಂದ ಕಣ್ಣು.

"ಅಯ್ಯೋ, ಇವನಿಗೆ ನಾಚಿಕೆ ಕಣ್ರೋ" ಎಂದ, ಎದ್ದು ಬಂದು ಭಾಮೈದನ ಹೆಗಲು ತಬ್ಬಿಕೊಂಡ. "ನನ್ನ ಕಣ್ಣಾರೆ ನೋಡಿದೀನಿ. ಸೊಂಟದ ಮಟ ಕೆಸರು, ಹಲ್ಲು ಕಚ್ಚಿ ಎಳೀತಿದ್ದ. ಇಂಥ ಗಂಡಸನ್ನ ಕುಂಟ ಅಂತ ಕಾಗದದಲ್ಲಿ ಬರೀತೀಯಾ ಡೆಲ್ಬರ್ಟ್? ನಮ್ಮ ಮನೆತನಕ್ಕೇ ಅವಮಾನ."

ಗಂಡಸರು ಚಪ್ಪಾಳೆ ತಟ್ಟಿದರು. ಥೂ, ಬೈಗುಳವಾದರೆ ತಿರುಗಿ ಬೈಯಬಹುದಿತ್ತು, ಹೊಗಳಿಕೆಗೆ ಏನು ಮಾಡುವುದು?

ಎಲ್ರಾಯ್ ಪ್ಯಾಂಟು ಮಡಿಸಿದ, ಕಾಲು ಬಿಚ್ಚಿ ಕೌಂಟರಿನ ಮೇಲಿಟ್ಟ, ಬಟ್ಟೆ ಸರಿಸಿ ಹುಣ್ಣು ತೋರಿಸಿದ. ವಾಸನೆ ಬಂತು. ಬರ್ನಿಸ್ ಮುಖ ತಿರುಗಿಸಿದಳು.

"ಹಾಕ್ಕೊಳೋ, ಜನ ತಿಂಡಿ ತಿನ್ನೋ ಜಾಗ" ಎಂದು ಗಾರ್ಡಿಯೇ ಆ ಕಾಲನ್ನೆತ್ತಿ ಅವನ ಕೈಗಿಟ್ಟ.

"ಹುಣ್ಣು ವಾಸಿಯಾಗುತ್ತಪ್ಪ, ಇದು ಕಾಯಂ ಲೈಸೆನ್ಸು" ಎಂದ ಡೆಲ್ಬರ್ಟ್, ಅವನ ಮುಖ ನೋಡದೆ. "ಈ ವರ್ಷ ಗೋಡೆ ಮೇಲೆ ನಿಂದು ಇನ್ನೊಂದು ಫೋಟೋ ಬೀಳದೆ ಇದ್ರೆ, ಮುಂದಿನ ವರ್ಷ ಕಣ್ಣು ಮುಚ್ಕೊಂಡು ರುಜು ಹಾಕ್ತೀನಿ. ಆಯ್ತಾ?"

ಎಲ್ರಾಯ್ ಪೂರ್ತಿ ದುಡ್ಡು ಕೊಟ್ಟು ಎಲ್ಲರ ಹಾಗೆ ಲೈಸೆನ್ಸು ಕೊಂಡ.

ಮೊದಲ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಬಂದೂಕು ಹೆಗಲಿಗೇರಿಸಿ ಹೊರಟ. ಮುಚ್ಚಿದ ಗೇಟಿನ ಹತ್ತಿರ ಮಂಜುಗಡ್ಡೆಯ ಮೇಲೆ ಕಾಲು ಜಾರಿ ಬಿದ್ದ. ಏಳಲು ಆಗಲಿಲ್ಲ. ಗಾರ್ಡಿ ಹಿಂದಿನಿಂದ ಬಂದ, ಎತ್ತಿ ನಿಲ್ಲಿಸಿದ, ಬೆನ್ನಿನ ಹಿಮ ಕೊಡವಿದ. "ಬಿಡಾರಕ್ಕೆ ಹೋಗಿ ಬೆಂಕಿ ಹಾಕ್ಕೊಂಡು ಕೂತ್ಕೊ ಮಾರಾಯ. ಜಾಗ ನಾನು ನೋಡ್ಕೋತೀನಿ" ಎಂದು ಹೇಳಿ ಜೌಗಿನ ಕಡೆ ನಡೆದ.

ಬಿಡಾರಕ್ಕೆ ಮರಳಿ ಈರುಳ್ಳಿ ಹೆಚ್ಚುವಾಗ ಓಕ್ ಮರದ ದಿಕ್ಕಿನಿಂದ ಒಂದೇ ಗುಂಡು ಕೇಳಿಸಿತು. ಎಲ್ರಾಯ್ ಚಾಕು ಕೆಳಗಿಟ್ಟ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಎತ್ತಿಕೊಂಡ, ಊಟಕ್ಕೆ ಜನ ಬರುತ್ತಾರಲ್ಲ.

ಗಾರ್ಡಿಯೂ ಬಿಡಾರದ ಉಳಿದವರೂ ಜಿಂಕೆಯನ್ನು ಅಂಗಳಕ್ಕೆ ಎಳೆದು ತಂದರು. ಗಾರ್ಡಿ ಬಾಗಿಲಲ್ಲಿ ನಿಂತು ಕೂಗಿದ: "ನಿನ್ನ ಟ್ಯಾಗ್ ತಗೊಂಡು ಬಾರೋ! ಬಂದು ಕೊಂಬು ಹಿಡ್ಕೊ, ಬರ್ನಿಸ್ ಗೋಡೆಗೆ ಇನ್ನೊಂದು ಫೋಟೋ."

"ಬೇಡ ಭಾವ. ನೀನೇ ಹಿಡ್ಕೊ, ನೀನು ಹೊಡೆದಿದ್ದು."

"ಸರಿ ಹಾಗಾದ್ರೆ. ಹೊಡೆದಿದ್ದು ಗಾರ್ಡಿ, ಸಾರು ಕಾಸಿದ್ದು ಎಲ್ರಾಯ್ ಅಂತ ಬರೆಸ್ತೀನಿ. ಆಗುತ್ತಾ?"

ಹಿಂದೆ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ರಾಯ್ ಅವರನ್ನೆಲ್ಲ ಒಮ್ಮೆ ನೋಡಿದ. ಒಲೆ ಸಣ್ಣಗೆ ಮಾಡಿ, ಕುಂಟುತ್ತ ಹೊರಗೆ ಬಂದು ಜಿಂಕೆಯ ಪಕ್ಕ ಕೂತ.

"ಏಪ್ರನ್ ಬಿಚ್ಚೋ, ಫೋಟೋದಲ್ಲಿ ಕಾಣುತ್ತೆ" ಎಂದ ಗಾರ್ಡಿ.

ಅವನು ಏಪ್ರನ್ ಬಿಚ್ಚಿದ, ಎರಡೂ ಕೈಯಲ್ಲಿ ಕೊಂಬು ಹಿಡಿದ, ನಕ್ಕ.