ಶನಿವಾರದ ಇಡ್ಲಿ, ಅತ್ತೆಯ ವಜ್ರಾಸನ

ತಡೆಯಿರಿ, ಈಗಲೇ ಚಾಪೆ ಹಾಸಬೇಡಿ. ವಜ್ರಾಸನಕ್ಕೆ ಮಂಡಿ ಮಡಿಸುವ ಮೊದಲು ನಮ್ಮ ಅತ್ತೆಯ ಇಡ್ಲಿ ವಿಷಯ ಕೇಳಿಬಿಡಿ.

ಎರಡು ಸಾವಿರದ ಆರರ ಸುಮಾರು. ಬೆಳಗ್ಗೆ ಟಿವಿ ಹಾಕಿದರೆ ಯಾವ ಚಾನೆಲ್‌ನಲ್ಲಿ ನೋಡಿದರೂ ಯೋಗ. ಅಪ್ಪ ವಿಜಯವಾಡದ ಪಕ್ಕ ಇಬ್ರಾಹಿಂಪಟ್ನಂನಲ್ಲಿ ಇಂಜಿನಿಯರ್; ಅಲ್ಲಿನ ಕ್ವಾರ್ಟರ್ಸ್‌ನಲ್ಲಿ ಟಿವಿ ನೋಡಿ ನೋಡಿಯೇ ನಾನು ಯೋಗ ಕಲಿತೆ. ರಜೆಗೆ ವಿಶಾಖಪಟ್ಟಣಕ್ಕೆ ಹೋದಾಗ ಸಿಕ್ಕ ಮೊದಲ ಶಿಷ್ಯೆ ಈ ಅತ್ತೆ, ಅಪ್ಪನ ತಂಗಿ. ತೆಲುಗಿನವರನ್ನು ಮದುವೆಯಾಗಿ ದ್ವಾರಕಾ ನಗರದಲ್ಲೇ ನೆಲೆನಿಂತವರು. ಅವರಿಗೆ ಮಂಡಿನೋವು. ಮಗಳ ಮದುವೆ ಬೇರೆ ಹತ್ತಿರ ಬಂದಿತ್ತು.

"ಅಳಿಯನ ಕಾಲು ತೊಳೆದು ಧಾರೆ ಎರೆಯೋವಾಗ ಮಣೆ ಮೇಲೇ ಕೂರ್ಬೇಕು ಕದಾ? ಕುರ್ಚಿ ಹಾಕಿಸ್ಕೊಂಡ್ರೆ ಬೀಗಿತ್ತಿ ಏನಂದ್ಕೊಳಲ್ಲ ಹೇಳು!" ಎಂದರು ಅತ್ತೆ.

ಮೊದಲ ದಿನ ಹಿಮ್ಮಡಿಯ ಮೇಲೆ ಕೂರಲಾರದೆ ಮುಲುಗುತ್ತಾ ಎದ್ದುಬಿಟ್ಟರು. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ನಗುನಗುತ್ತಾ ಕೂತರು. ಗುರುವಾದವನು ಹಿಗ್ಗಬೇಕಿತ್ತು, ನನ್ನ ತಲೆಯಲ್ಲಿ ಅನುಮಾನದ ಹುಳ ಹೊಕ್ಕಿತು. ಬೆಳಗ್ಗೆ ಅಷ್ಟು ಸಲೀಸಾಗಿ ಮಡಿಯುವ ಮಂಡಿ ಸಂಜೆ ಮೆಟ್ಟಿಲಿಳಿಯುವಾಗ ಯಾಕೆ ಮಡಿಯುವುದಿಲ್ಲ? ಗೋಡೆ ಹಿಡಿದು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದರು. ಕೇಳಿದರೆ, "ಸೀರೆ ತಡೀತು ಕಣೋ." ದಿನಾ ತಡೆಯುವ ಸೀರೆ ಯಾವುದು? ಕಣ್ಣಿಟ್ಟು ಕಾದೆ.

ಶನಿವಾರ ಬಂತು. ಅವತ್ತು ಮಧ್ಯಾಹ್ನದವರೆಗೆ ಅತ್ತೆ ಕಾಫಿ ಬಿಟ್ಟು ಏನೂ ಮುಟ್ಟುವವರಲ್ಲ, ವೆಂಕಟರಮಣನ ಉಪವಾಸ. ನಾನು ಚಾಪೆ ತರಲು ಹೋದರೆ, ಅಡುಗೆಮನೆಯ ಬಾಗಿಲ ಹಿಂದೆ ನಿಂತು ಗಬಗಬ ಇಡ್ಲಿ ತಿನ್ನುತ್ತಿದ್ದಾರೆ!

"ಅತ್ತೆ!" ಎಂದು ನಾನು ಕೂಗಿದ್ದು ಕೇಳಿ ಮಾವ ಪೇಪರ್ ಇಳಿಸಿದರು. "ಏಮಿಟೀ, ದೇವ್ರಿಗೇ ಮೋಸಾನಾ? ಗುರುವುಗಾರೂ, ನಿಮ್ಮ ಯೋಗಕ್ಕೆ ಹಸಿವು ಚೆನ್ನಾಗಿ ಬಂದಿದೆ!"

ನನಗೆ ನಗು ಬರಲಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಬಾರದ್ದು ಏನು ಎಂದು ಹೊಳೆದಿತ್ತು. "ಅತ್ತೆ, ನೋವಿನ ಮಾತ್ರೆ ತಗೊಂಡು ಕೂರ್ತಿದೀರಾ?"

"ಅನುಮಾನದ ಪಿಶಾಚಿ!" ಎಂದರು. ಆಮೇಲೆ ಮೆಲ್ಲಗೆ, "ಮದುವೆ ದಿನಾನೂ ಒಂದು ನುಂಗ್ಬಿಟ್ರೆ ಆಯ್ತಲ್ಲೋ."

ನೋವು "ಸಾಕು, ಏಳು" ಎನ್ನುವ ಮೊದಲೇ ಅದರ ಬಾಯಿ ಮುಚ್ಚಿಸಿದರೆ, ಒಳಗೆ ಮಂಡಿ ಏನಾಗುತ್ತಿದೆ ಎಂದು ಯಾರಿಗೆ ಗೊತ್ತು? ಮೂಳೆ ಡಾಕ್ಟರ ಹತ್ತಿರ ಹೋದೆವು. ಆ ಮಂಡಿಯನ್ನು ಪೂರ್ತಿ ಮಡಿಸಲೇಬೇಡಿ ಎಂದರು. ಅತ್ತೆಯ ಮುಖ ಸಣ್ಣಗಾಯಿತು.

ಬೀಗರ ಊರು ವಿಜಯವಾಡದಲ್ಲಿ ನಡೆದ ಮದುವೆಯಲ್ಲಿ ಮಾವ ಒಂದೇ ಅಳತೆಯ ಎರಡು ಸ್ಟೂಲ್ ಹಾಕಿಸಿ, "ನನಗೂ ಮಂಡಿ ನೋವು" ಎಂದು ಎಲ್ಲರಿಗೂ ಕೇಳುವಂತೆ ಸಾರಿದರು. ಧಾರೆಯವರೆಗೆ ಹುಡುಗಿಯ ಅಪ್ಪ ಅಮ್ಮ ಇಬ್ಬರಿಗೂ ಉಪವಾಸ. ಆದರೂ ನಾನು ಅಡುಗೆಮನೆಯ ಬಾಗಿಲ ಹಿಂದೆ ಇಣುಕಿ ಬಂದೆ. ಅತ್ತೆ ಸ್ಟೂಲಿನಿಂದಲೇ ಬಗ್ಗಿ ಅಳಿಯನ ಕಾಲು ತೊಳೆದರು, ಕಣ್ಣು ಮಾತ್ರ ಬೀಗಿತ್ತಿಯ ಮೇಲೆ. ಆಕೆ ಹತ್ತಿರ ಬಂದು, ಅತ್ತಿಗೆ ಎಂದು ತೆಲುಗಿನಲ್ಲಿ ಕರೆದು ಪಿಸುಗುಟ್ಟಿದರು: "ಸ್ಟೂಲ್ ಎಲ್ಲಿ ಮಾಡಿಸಿದ್ರಿ ವದಿನಗಾರೂ? ನನ್ನ ಮಂಡೀನೂ ಹೋಗಿದೆ."

ನಾನಂತೂ ಈಗಲೂ ತೊಡೆಗೂ ಹಿಮ್ಮಡಿಗೂ ನಡುವೆ ಹೊದಿಕೆ ಮಡಿಸಿಟ್ಟೇ ಕೂರುತ್ತೇನೆ, ಕಾಲು ಜೋಮು ಹಿಡಿದರೆ ಎದ್ದುಬಿಡುತ್ತೇನೆ. ನಿಮ್ಮ ಮನೆಯಲ್ಲೂ ವಜ್ರಾಸನದಲ್ಲಿ ಅತಿಯಾಗಿ ನಗುವವರು ಇದ್ದಾರೆಯೇ? ಅವರನ್ನು ಹೇಗೆ ಹಿಡಿದಿರಿ, ನನಗೂ ಬರೆದು ತಿಳಿಸಿ.