ಮೆಣಸಿನಕಾಯಿ ರಾಶಿಯ ಮುಂದೆ ನಿಂತ ಮಾತು

ಮೊನ್ನೆ ಸೋಮವಾರ ಮೊಮ್ಮಗಳು ರೇಣುಕಾಳ ಜೊತೆ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೊರಟೆ. ಮೆಣಸಿನಕಾಯಿ ಕೊಳ್ಳಲು ಸ್ಪೇನಿನಿಂದ ಒಬ್ಬ ಬರುವವನಿದ್ದ. ಅವನ ಮಾತನ್ನು ಮಾರುಕಟ್ಟೆಯ ರೈತರಿಗೆ, ಅವರ ಮಾತನ್ನು ಅವನಿಗೆ ತಿಳಿಸುವುದು ರೇಣುಕಾಳ ಕೆಲಸ. ಚೆನ್ನಾಗಿ ಮಾಡಿದರೆ ಕಾಯಂ ಎಂದು, ರೈತರ ಮಾಲು ಮಾರಿಸಿಕೊಡುವ ಅಡತಿ ಸಾವುಕಾರರು ಹೇಳಿದ್ದರು. ಎರಡು ವರ್ಷ ದಿನಾ ನಸುಕಿನಲ್ಲಿ ನನ್ನಿಂದ ಎಬ್ಬಿಸಿಕೊಂಡು, ಮೊಬೈಲಿನಲ್ಲಿ ಪಾಠ ಕೇಳಿ ಸ್ಪ್ಯಾನಿಶ್ ಕಲಿತವಳು ಅವಳು. ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಒಬ್ಬಳನ್ನೇ ಕಳಿಸಲು ನನ್ನ ಮಗ ಒಪ್ಪಲಿಲ್ಲ, ಅದಕ್ಕೆ ಹೋದೆ. ಹೆಂಗಸರಿಗೆ ಬಸ್ಸು ಪುಕ್ಕಟೆ. ಆಧಾರ್ ಕಾರ್ಡು ತೋರಿಸಿ ಕಿಟಕಿ ಪಕ್ಕ ಕೂತೆವು.

ದಾರಿಯುದ್ದಕ್ಕೂ ಹುಡುಗಿ ಏನೋ ಗುನುಗುತ್ತಿದ್ದಳು. ಕೇಳಿದ್ದಕ್ಕೆ, ಇಂಗ್ಲಿಷಿನಲ್ಲಿ ‘ಇದೆ’ ಅನ್ನಲು ಒಂದೇ ಪದ, ಸ್ಪ್ಯಾನಿಶ್‌ನಲ್ಲಿ ಎರಡು, ಸೇರ್ ಮತ್ತು ಎಸ್ತಾರ್ ಎಂದಳು. ಹುಟ್ಟುಗುಣಕ್ಕೆ ಒಂದು, ಸದ್ಯ ಹೇಗಿದೆ ಅನ್ನುವುದಕ್ಕೆ ಇನ್ನೊಂದು.

“ನಾ ಮುದುಕಿ ಅದೀನಿ. ಅದಕ್ಕ ಯಾವದು?”

“ಎರಡೂ ಬರತಾವ ಆಯಿ. ಹೇಳವರು ಹೆಂಗ ನೋಡತಾರ ಅದರ ಮ್ಯಾಲ.”

“ಹೆಂಗ ನೋಡಿದರೂ ನಾ ತಿರುಗಿ ಹುಡುಗಿ ಆಗಂಗಿಲ್ಲ.”

ಅವಳು ನಗಲಿಲ್ಲ. ಪರೀಕ್ಷೆಯಲ್ಲಿ ಪ್ರತಿ ಸಲ ಇಲ್ಲೇ ತಪ್ಪು ಬೀಳುತ್ತಿತ್ತಂತೆ.

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿ ಮುಟ್ಟಿದಾಗ ಬಿಸಿಲು ಏರಿತ್ತು. ಮಾರುಕಟ್ಟೆಯೊಳಗೆ ಕಾಲಿಡುತ್ತಲೇ ಘಾಟಿಗೆ ಸೀನು ಬಂದವು. ಹಮಾಲರು ಚೀಲ ಹೊತ್ತು ಓಡಾಡುತ್ತಿದ್ದರು. ಸೆರಗನ್ನು ಮೂಗಿಗೆ ಒತ್ತಿಕೊಂಡು ಒಂದು ಚೀಲದ ಮೇಲೆ ಕೂತೆ. ಸ್ಪೇನಿನವನು ಬೋಳುತಲೆಯವ, ಪ್ರತಿ ವರ್ಷ ಬರುವವನಂತೆ. ಮೊದಮೊದಲು ರೇಣುಕಾ ಸಲೀಸಾಗಿಯೇ ಮಾತಾಡಿದಳು.

ಒಂದು ರಾಶಿಯ ಮುಂದೆ ಅವನು ಕಾಯಿ ಮುರಿದು, ಖಾರ ಇದೆಯೇ ಎಂದು ಕೇಳಿದ. ರಾಶಿಯ ರೈತ, ಖಾರ ಇಲ್ಲ, ಬರೀ ಬಣ್ಣ ಎಂದ. ಅವನಿಗೆ ಬೇಕಿದ್ದದ್ದೂ ಬಣ್ಣವೇ, ಅಷ್ಟನ್ನು ಹೇಳಿದರೆ ಮುಗಿಯುತ್ತಿತ್ತು. ಹುಡುಗಿ ಬಾಯಿ ತೆರೆದವಳು ನಿಂತೇಬಿಟ್ಟಳು. ಬ್ಯಾಡಗಿ ತಳಿಗೇ ಖಾರವಿಲ್ಲ ಅಂದರೆ ಒಂದು ಪದ, ಈ ರಾಶಿಯ ಕಾಯಿ ಬಾಯಿಗೆ ಖಾರ ಹತ್ತುವುದಿಲ್ಲ ಅಂದರೆ ಇನ್ನೊಂದು. ಯಾವುದೆಂದು ತಿಳಿಯದೆ ರಾಶಿಯನ್ನೇ ನೋಡುತ್ತಿದ್ದಳು. ಸ್ಪೇನಿನವನು ಅವಳ ಮುಖ ನೋಡಿದ, ರಾಶಿ ನೋಡಿದ, ಕಾಯಿ ಕೆಳಗೆ ಬಿಟ್ಟು ಮುಂದೆ ನಡೆದ.

“ಯವ್ವಾ, ನನ್ನ ಕಾಯಿಗೆ ಏನ ಕಮ್ಮಿ ಆಗಿತ್ತು?” ಎಂದ ರೈತ.

ಮುಂದಿನ ರಾಶಿಗೆ, ಜೊತೆಗಿದ್ದ ಸಾವುಕಾರರು ಮೊಬೈಲ್ ತೆಗೆದು ಅದಕ್ಕೇ ಕನ್ನಡದಲ್ಲಿ ಹೇಳಿದರು. ಅದು ತಡವಿಲ್ಲದೆ ಸ್ಪ್ಯಾನಿಶ್ ಮಾತಾಡಿತು. ಆಮೇಲೆ ರೇಣುಕಾಳನ್ನು ಬದಿಗೆ ಕರೆದರು.

“ತಪ್ಪ ಹೇಳಿದ್ದರ ನಡೀತಿತ್ತು ತಂಗಿ. ಇಲ್ಲಿ ಕೇಳಿದಾಗ ಸುಮ್ಮನ ನಿಂತರ ಮಾಲ ಕೆಟ್ಟೇತಿ ಅಂತ ಲೆಕ್ಕ. ನೀ ಮನಿಗೆ ಹೋಗು.”

ನಾನು ಬಿಡಲಿಲ್ಲ. ಸ್ಪೇನಿನವನು ಹಾವೇರಿಯ ಲಾಡ್ಜಿನಲ್ಲಿ ಇಳಿದಿದ್ದ. ಅವಳನ್ನು ಎಳೆದುಕೊಂಡೇ ಹಾವೇರಿ ಬಸ್ಸು ಹತ್ತಿದೆ. ಮಧ್ಯಾಹ್ನ ಕಳೆದು ಅವನು ಬಂದಾಗ ಹುಡುಗಿಯನ್ನು ಎದುರಿಗೆ ನಿಲ್ಲಿಸಿ, ಯಾಕೆ ತಡೆದೆ ಅನ್ನುವುದನ್ನು ಹೇಳು ಎಂದೆ. ಈ ಸಲ ಎಲ್ಲೂ ನಿಲ್ಲದೆ ಹೇಳಿದಳು. ಅವನು ಕುರ್ಚಿ ಕೊಟ್ಟು ಕೂಡಿಸಿ, ಮೆತ್ತಗೆ ಏನೋ ಹೇಳಿದ. ರೇಣುಕಾಳ ಮುಖ ಇಳಿಯಿತು.

“ಏನಂದ?”

“ಯಾವದು ಹೇಳಿದ್ದರೂ ತಿಳೀತಿತ್ತಂತ. ಆ ಕಾಯಿ ಚಲೋ ಅವ ಅಂತ ನಾ ಅಂದೆ. ಖರೀದಿ ಮುಗದೈತಂತ.”

ಅವಳ ಕೆಲಸದ ವಿಷಯವನ್ನೂ ಅವಳಿಂದಲೇ ಕೇಳಿಸಿದೆ. ಅದು ಸಾವುಕಾರರಿಗೆ ಬಿಟ್ಟದ್ದು ಎಂದನಂತೆ. ಕೈ ಮುಗಿದು ಬಂದೆವು.

ನಿಲ್ದಾಣದಲ್ಲಿ ಗಿರಮಿಟ್ ಕೊಡಿಸಿದೆ, ಮುಟ್ಟಲಿಲ್ಲ. ನಾನೇ ತಿಂದೆ. ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಬಸ್ಸು ತೆವಳಿತು. ಹಾಳಾಗಿ ಹೋಗಲಿ, ಬೇರೆ ಸಾವುಕಾರರು ಇಲ್ಲವೇ ಎಂದೆ. ಎಲ್ಲರ ಹತ್ತಿರವೂ ಮೊಬೈಲ್ ಇದೆ ಎಂದಳು. ಅದು ಖರೇ ಇತ್ತು. ಮನೆ ಹತ್ತಿರ ಬಂದಾಗ, “ಆಯಿ, ನಾಳೆ ಪಾಠಕ್ಕ ಎಬ್ಬಸಬ್ಯಾಡ,” ಎಂದಳು.

ಎಬ್ಬಿಸಲಿಲ್ಲ. ಹೊತ್ತು ಮೂಡುವ ಮೊದಲು ಹೋಗಿ ನೋಡಿದೆ. ಕಣ್ಣು ತೆರೆದುಕೊಂಡೇ ಮಲಗಿದ್ದಳು.